ಗಡಿ ದಾಟಿಸಿದ ಮಾರಿ

1984ನೆಯ ಇಸವಿ ಜುಲೈ 17ನೆಯ ತಾರೀಖು ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದ ಓಲ್ಡ್ ಡಾಲ್ಬಿ ಎಂಬ ಹಳ್ಳಿಯ ಬಳಿ ಒಂದು ವಿಚಿತ್ರವಾದ ಜಾತ್ರೆ ನೆರೆದಿತ್ತು. ಬಂದವರೆಲ್ಲ ಪತ್ರಿಕೆಗಳವರು, ಟೆಲಿವಿಷನ್ನಿನವರು, ಅಧಿಕಾರಿಗಳು, ಎಂಜಿನಿಯರುಗಳು. ಅವರೆಲ್ಲ ನೋಡಬಂದದ್ದು ಒಂದು ರೈಲು ಅಪಘಾತವನ್ನು. ಮೊದಲೇ ಗೊತ್ತುಮಾಡಿ, ಮುಹೂರ್ತವಿಟ್ಟು, ಬೇಕೆಂದೇ ಮಾಡಿಸಿದ ಅಪಘಾತವನ್ನು! ಹಳಿಗೆ ಅಡ್ಡಲಾಗಿ ಸುಮಾರು ಐವತ್ತು ಟನ್ ತೂಕದ ಉಕ್ಕಿನ ಪೆಟ್ಟಿಗೆಯೊಂದನ್ನು ಕೆಡವಲಾಗಿತ್ತು. ಮೈಲಿಗಳಾಚೆಯಿಂದ ಮೂರು ಬೋಗಿಗಳನ್ನೆಳೆದುಕೊಂಡು ಒಂದು ಡೀಸೆಲ್ ಎಂಜಿನ್ನು ಹೊರಟಿತು. ಅದರಲ್ಲಿ ಚಾಲಕನಿರಲಿಲ್ಲ. ಗಂಟೆಗೆ ನೂರು ಮೈಲಿ ವೇಗದಲ್ಲಿ ಬಂದು ಅದು ಪೆಟ್ಟಿಗೆಗೆ ಅಪ್ಪಳಿಸಿತು. ಬೆಂಕಿ ಭುಗಿಲೆದ್ದಿತು, ಎಂಜಿನ್ನು ನುಚ್ಚುನೂರಾಯಿತು. ಹೊಗೆ ಕರಗಿದ ಮೇಲೆ ಹೋಗಿ ನೋಡಿದರೆ ಪೆಟ್ಟಿಗೆ ಹೊರಮೈಯಲ್ಲಿ ತರಚಿಕೊಂಡು, ಜಜ್ಜಿಕೊಂಡು ಬಿದ್ದಿದ್ದಿತೇ ಹೊರತು ಒಡೆದಿರಲಿಲ್ಲ. ಒಳಗೆ ತುಂಬಿದ್ದ ಒತ್ತಡವೂ ಹೆಚ್ಚುಕಡಮೆ ಹಾಗೆಯೇ ಉಳಿದಿತ್ತು.

ಈ ಆಟವನ್ನು ಆಡಿಸಿದವರು ಬ್ರಿಟನ್ನಿನ ಕೇಂದ್ರ ವಿದ್ಯುತ್ ಉತ್ಪಾದನಾ ಮಂಡಲಿಯವರು. ಅಂಥ ಪೆಟ್ಟಿಗೆಗಳಲ್ಲಿಯೇ ಅವರು ತಮ್ಮ ಅಣು ವಿದ್ಯುತ್ ಸ್ಥಾವರಗಳಲ್ಲಿ ಬಳಸಿ ತೆಗೆದ ಇಂಧನವನ್ನು, ಸಾಮಾನ್ಯ ಜನರು ಓಡಾಡುವ ರೈಲುಮಾರ್ಗದಲ್ಲಿಯೇ, ಉತ್ತರದ ಸೆಲ್ಲಾಫೀಲ್ಡಿಗೆ ಕಳುಹಿಸುತ್ತಿದ್ದರು. ಜನರು ಹೆದರಿದ್ದರು. ಆ ಹೆದರಿಕೆಯನ್ನು ಹೋಗಲಾಡಿಸಬೇಕೆಂದೇ ಅಂದಿನ ಏರ್ಪಾಡು. ಒಳಗೆ ನಿಜವಾದ ಬಳಸಿದ ಇಂಧನವಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪೆಟ್ಟಿಗೆಯೇನೋ ಗೆದ್ದಿತು. ಆದರೆ ಅದರಿಂದ ಜನರ ಮನಸ್ಸಿನ ಪ್ರಶ್ನೆ ಬಗೆಹರಿಯಿತೆ? ಬಗೆಹರಿಯಲಿಲ್ಲ. ಏಕೆಂದರೆ ಈ ಸಾಗಣೆಯ ಅಪಾಯ ಇರುವುದು ಪೆಟ್ಟಿಗೆ ಒಡೆಯುವುದರಲ್ಲಿ ಮಾತ್ರವೇ ಅಲ್ಲ. ಅದನ್ನು ಹೇಳುವುದಕ್ಕೆ ಮೊದಲು, ಒಳಗಿರುವುದೇನೆಂಬುದನ್ನು ತಿಳಿಯುವುದು ಅವಶ್ಯ.

ಒಲೆಯ ಬೂದಿ

ನಮ್ಮ ಮನೆಯ ಒಲೆಯಲ್ಲಿ ಉರಿಯುವುದು ಸೌದೆ. ಉಳಿಯುವ ಬೂದಿ ನಿರಪಾಯವಾದದ್ದು, ಪಾತ್ರೆ ತಿಕ್ಕುವುದಕ್ಕೂ ಬಂದೀತು. ಅಣುವಿನ ಒಲೆಯ ರೀತಿಯೇ ಬೇರೆ. ಅಲ್ಲಿ ಒಲೆಗೆ ಹಾಕುವ ಯುರೇನಿಯಂ ಬಿಲ್ಲೆಗಳನ್ನು ಕೈಗವಸು ತೊಟ್ಟು ಮುಟ್ಟಬಹುದು. ಮೂರು ನಾಲ್ಕು ವರ್ಷ ಉರಿದು ಹೊರಬರುವ ಸರಳುಗಳ ಬಳಿಗೆ ಮಾತ್ರ, ನಡುವೆ ತಡೆಯಿಲ್ಲದೆ, ಯಾರೂ ಸುಳಿಯುವಂತಿಲ್ಲ. ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ಸೀಸಿಯಂ, ಸ್ಟ್ರಾನ್ಷಿಯಂ ಮೊದಲಾದ ಚೂರುಗಳು ತಾವೂ ಒಂದೇಸಮನೆ ಕಿರಣಗಳನ್ನು ಸೂಸುತ್ತಲೂ ಶಾಖವನ್ನು ಉಗುಳುತ್ತಲೂ ಇರುತ್ತವೆ. ಆದುದರಿಂದ ಸರಳುಗಳನ್ನು ಮೊದಲು ಕೆಲವು ವರ್ಷ ಸ್ಥಾವರದಲ್ಲಿಯೇ ಆಳವಾದ ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ.

ಕೆಲವು ದೇಶಗಳು ಇವನ್ನು ಹಾಗೆಯೇ ಕಸವೆಂದು ಕಟ್ಟಿಡುತ್ತವೆ. ಮತ್ತೆ ಕೆಲವು, ಇನ್ನೂ ಉಪಯೋಗಕ್ಕೆ ಬರುವ ಯುರೇನಿಯಂ, ಪ್ಲುಟೋನಿಯಂಗಳನ್ನು ರಾಸಾಯನಿಕ ಕ್ರಿಯೆಯಿಂದ ಬೇರ್ಪಡಿಸಿಕೊಳ್ಳುತ್ತವೆ. ಕೊನೆಗೆ ಉಳಿಯುವ ಉಗ್ರವಾದ ಮಡ್ಡಿಯನ್ನು ಕರಗಿದ ಗಾಜಿನಲ್ಲಿ ಬೆರೆಸಿ, ಆಳೆತ್ತರಕ್ಕಿಂತ ಸ್ವಲ್ಪ ಕಡಮೆಯಿರುವ ಉಕ್ಕಿನ ಕೊಳವೆಡಬ್ಬಿಗಳಲ್ಲಿ ಎರಕ ಹೊಯ್ಯುತ್ತಾರೆ. ಫ್ರಾನ್ಸಿನ ಲಾ ಹೇಗ್ ಕಾರ್ಖಾನೆಯಲ್ಲಿ ಒಂದೊಂದು ಡಬ್ಬಿಯಲ್ಲಿ ಸುಮಾರು ನಾನೂರು ಕಿಲೋಗ್ರಾಂ ಗಾಜು. ನೋಡಲು ಕಪ್ಪು ಕಲ್ಲಿನ ಕಂಬದಂತೆ ಇರುತ್ತದೆ. ಹೊಸದಾಗಿ ಎರೆದ ಅಂಥದೊಂದು ಡಬ್ಬಿಯ ಪಕ್ಕದಲ್ಲಿ, ಮರೆಯಿಲ್ಲದೆ, ಒಂದೆರಡು ನಿಮಿಷ ನಿಂತವನು ಬದುಕಿ ಉಳಿಯುವ ಆಸೆಯನ್ನು ಬಿಡಬೇಕು.

ಸೀಸಿಯಂನ ಉಗ್ರತೆ ಅರ್ಧಕ್ಕೆ ಇಳಿಯಲು ಮೂವತ್ತು ವರ್ಷ ಬೇಕು. ಸಾವಿರದಲ್ಲೊಂದು ಪಾಲಿಗೆ ಇಳಿಯಲು ಮುನ್ನೂರು ವರ್ಷ. ವಿಜಯನಗರದ ಸಾಮ್ರಾಜ್ಯ ಹುಟ್ಟಿ, ಮೆರೆದು, ಅಳಿದುಹೋದದ್ದು ಹೆಚ್ಚುಕಡಮೆ ಅಷ್ಟೇ ಅವಧಿಯಲ್ಲಿ. ಪ್ಲುಟೋನಿಯಂ ವಿಷಯಕ್ಕೆ ಬಂದರೆ ಲೆಕ್ಕ ಬೇರೆಯೇ: ಅದು ಅರ್ಧವಾಗಲು ಇಪ್ಪತ್ತನಾಲ್ಕು ಸಾವಿರ ವರ್ಷ.

ಜರ್ಮನರು ಈ ಗಾಜಿನ ಡಬ್ಬಿಗಳನ್ನು ಸಾಗಿಸುವ ಪೀಪಾಯಿಗೆ ಕ್ಯಾಸ್ಟರ್ ಎಂದು ಹೆಸರು. ಎರಕದ ಕಬ್ಬಿಣದ ಗೋಡೆಯ ದಪ್ಪ ಒಂದು ಮೊಳಕ್ಕೆ ಹತ್ತಿರ. ಉದ್ದ ಆರು ಮೀಟರು. ಇಪ್ಪತ್ತೆಂಟು ಡಬ್ಬಿಗಳನ್ನು ತುಂಬಿ ಎರಡೆರಡು ಮುಚ್ಚಳಗಳನ್ನು ಬಿಗಿದರೆ ಒಟ್ಟು ತೂಕ ನೂರು ಟನ್ನಿಗೂ ಮೇಲೆ.

ಅರ್ಧ ಗಂಟೆಯ ಬೆಂಕಿ

ಇಂಥ ಪೀಪಾಯಿಗಳು ಪಾಸಾಗಬೇಕಾದ ಪರೀಕ್ಷೆಗಳನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಗೊತ್ತುಮಾಡಿದ್ದಾರೆ. ಒಂಬತ್ತು ಮೀಟರು ಎತ್ತರದಿಂದ ಕಿಂಚಿತ್ತೂ ಬಗ್ಗದ ನೆಲದ ಮೇಲೆ ಬೀಳಬೇಕು. ಒಂದು ಮೀಟರು ಎತ್ತರದಿಂದ ನೆಟ್ಟ ಉಕ್ಕಿನ ಗೂಟದ ಮೇಲೆ ಬೀಳಬೇಕು. 800 ಡಿಗ್ರಿ ಶಾಖದ ಬೆಂಕಿಯಲ್ಲಿ ಅರ್ಧ ಗಂಟೆ ಬೇಯಬೇಕು. ನೀರಿನಲ್ಲಿ ಮುಳುಗಿರಬೇಕು. ಇಷ್ಟಾದರೂ ಒಳಗಿನದು ಹೊರಗೆ ಬರಕೂಡದು. ಒಂಬತ್ತು ಮೀಟರು ಏನು ಮಹಾ ಎಂದು ತೋರಬಹುದು. ಆದರೆ ನಿಜವಾದ ಅಪಘಾತದಲ್ಲಿ ಡಿಕ್ಕಿಹೊಡೆದ ವಸ್ತುವೂ ಜಜ್ಜಿಹೋಗುತ್ತದೆ, ನೆಲವೂ ಕುಸಿಯುತ್ತದೆ. ಪೆಟ್ಟಿನ ಬಹುಭಾಗವನ್ನು ಅವು ನುಂಗಿಕೊಳ್ಳುತ್ತವೆ. ಬಗ್ಗದ ನೆಲದ ಮೇಲೆ ಬಿದ್ದರೆ ಪೆಟ್ಟೆಲ್ಲವೂ ಪೀಪಾಯಿಗೇ. ಓಲ್ಡ್ ಡಾಲ್ಬಿಯ ಎಂಜಿನ್ನು ಪುಡಿಯಾದದ್ದೂ ಪೆಟ್ಟಿಗೆ ಉಳಿದದ್ದೂ ಇದೇ ಕಾರಣದಿಂದ.

ಬೆಂಕಿಯ ವಿಷಯ ಅಷ್ಟು ಸರಳವಲ್ಲ. 2001ನೆಯ ಇಸವಿಯ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೋವರ್ಡ್ ಸ್ಟ್ರೀಟಿನ ಕೆಳಗಿನ ಸುರಂಗದಲ್ಲಿ ಅರವತ್ತು ವ್ಯಾಗನ್ನುಗಳ ಸರಕುಬಂಡಿಯೊಂದು ಹಳಿ ತಪ್ಪಿ, ರಾಸಾಯನಿಕ ತುಂಬಿದ್ದ ಟ್ಯಾಂಕೊಂದು ತೂತುಬಿದ್ದು ಹೊತ್ತಿಕೊಂಡಿತು. ಮೇಲೆ ಊರಿಗೆ ಊರೇ ನಡೆದಾಡುತ್ತಿದ್ದಂತೆ, ಕೆಳಗೆ ಕುಲುಮೆ! ಅತ್ಯಂತ ತೀವ್ರವಾದ ಉರಿಯೇ ಗಂಟೆಗಳ ಕಾಲ ಇದ್ದಿತು. ಬೆಂಕಿ ಪೂರ್ತಿ ಆರಲು ದಿನಗಳು ಹಿಡಿದವು. ಆ ಬಂಡಿಯಲ್ಲಿ ಅಣುಕಸವಿರಲಿಲ್ಲ. ಇದ್ದಿದ್ದರೆ? ಅಮೆರಿಕದ ಅಣು ನಿಯಂತ್ರಣ ಆಯೋಗದವರು ಈ ಪ್ರಶ್ನೆಯನ್ನೆತ್ತಿಕೊಂಡು ದೀರ್ಘವಾಗಿ ಲೆಕ್ಕ ಹಾಕಿದರು. ಇಂಧನದ ಸರಳುಗಳು ಒಡೆದು ಹೊರಬರುತ್ತಿರಲಿಲ್ಲ. ಆದರೆ ಕೆಲವು ಬಗೆಯ ಪೀಪಾಯಿಗಳಲ್ಲಿ ಮುಚ್ಚಳದ ಬಿಗಿಪಟ್ಟಿ ತಾಳಬಲ್ಲ ಶಾಖವನ್ನು ಮೀರುತ್ತಿತ್ತು, ಅಲ್ಪಸ್ವಲ್ಪ ಸೋರಿಕೆಗೆ ಅವಕಾಶವಿರುತ್ತಿತ್ತು ಎಂಬುದು ಅವರ ತೀರ್ಮಾನ. ಧೈರ್ಯ ಹೇಳುವ ಉತ್ತರವೇ ಸರಿ. ಆದರೂ ಅದು ಲೆಕ್ಕದ ಉತ್ತರ, ಕಣ್ಣಾರೆ ಕಂಡ ಉತ್ತರವಲ್ಲ. ಬೆಂಕಿ ಪರೀಕ್ಷೆಯ ಕೋಣೆಯಲ್ಲಿ ಅರ್ಧ ಗಂಟೆಗೆ ನಿಲ್ಲುತ್ತದೆ, ಸುರಂಗದಲ್ಲಿ ತನ್ನಿಷ್ಟ ಬಂದಾಗ ನಿಲ್ಲುತ್ತದೆ.

ನ್ಯಾಯವಾಗಿ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ದಶಕಗಳಿಂದ ಸಾವಿರಾರು ಬಾರಿ ಇಂಥ ಸಾಗಣೆಗಳು ನಡೆದಿವೆ. ದಾರಿಯಲ್ಲಿ ಪೀಪಾಯಿ ಒಡೆದು, ವಿಕಿರಣದಿಂದ ಜನರು ಸತ್ತ ಪ್ರಸಂಗ ದಾಖಲೆಯಲ್ಲಿಲ್ಲ. ಪೆಟ್ರೋಲು, ಕ್ಲೋರಿನ್ನು, ಅಡಿಗೆ ಅನಿಲದ ಟ್ಯಾಂಕರುಗಳ ಬಗ್ಗೆ ಹೀಗೆ ಹೇಳಲು ಬಾರದು. ಹಾಗಿದ್ದೂ ಜರ್ಮನಿಯ ರೈತರು ಟ್ರ್ಯಾಕ್ಟರುಗಳನ್ನು ರಸ್ತೆಗೆ ಅಡ್ಡಹಾಕಿದರೇಕೆ?

ಎಲ್ಬೆ ನದಿಯ ತೀರದ ಹಳ್ಳಿ

ಗೋರ್ಲೆಬೆನ್ ಎಂಬುದು ಉತ್ತರ ಜರ್ಮನಿಯ ವೆಂಡ್‌ಲಾಂಡ್ ಸೀಮೆಯ ಒಂದು ಚಿಕ್ಕ ಹಳ್ಳಿ. ಪೈನ್ ಮರದ ಕಾಡು, ಆಲೂಗೆಡ್ಡೆಯ ಹೊಲ. ಜರ್ಮನಿ ಎರಡಾಗಿದ್ದ ಕಾಲದಲ್ಲಿ ಪಶ್ಚಿಮ ಜರ್ಮನಿಯ ಕಟ್ಟಕಡೆಯ ಅಂಚು ಅದು. ಎದುರಿನ ದಡವೇ ಪೂರ್ವ ಜರ್ಮನಿ. 1977ನೆಯ ಇಸವಿ ಫೆಬ್ರವರಿ 22ರಂದು ಲೋವರ್ ಸ್ಯಾಕ್ಸನಿ ರಾಜ್ಯದ ಮುಖ್ಯಮಂತ್ರಿ ಅರ್ನ್ಸ್ಟ್ ಆಲ್ಬ್ರೆಕ್ಟ್ ಅವರು, ದೇಶದ ಅಣುಕಸವನ್ನೆಲ್ಲ ಇಲ್ಲಿನ ನೆಲದಡಿಯ ಉಪ್ಪಿನ ಗುಡ್ಡದಲ್ಲಿ ಹೂಳಬಹುದೆಂದೂ, ಮೇಲೆ ಮರುಸಂಸ್ಕರಣದ ಕಾರ್ಖಾನೆಯನ್ನು ಕಟ್ಟಬಹುದೆಂದೂ ಸಾರಿದರು.

ನಮ್ಮ ಕಡೆ ಹಿಂದೆ ಹಳ್ಳಿಗಳಲ್ಲಿ ಒಂದು ಪದ್ಧತಿಯಿತ್ತು. ಸಿಡುಬು, ವಾಂತಿಭೇದಿ ಕಾಲಿಟ್ಟಾಗ ಮಾರಿಯನ್ನು ಪುಟ್ಟ ಬಂಡಿಯಲ್ಲಿ ಕೂರಿಸಿ, ತಮಟೆ ಬಾರಿಸುತ್ತ ಎಳೆದುಕೊಂಡುಹೋಗಿ ಊರಿನ ಗಡಿಯಾಚೆ ಬಿಟ್ಟುಬರುವುದು. ತಿರುಗಿ ನೋಡಕೂಡದು. ಬೆಳಗಾದ ಮೇಲೆ ಪಕ್ಕದೂರಿನವರು ಅದನ್ನು ಕಂಡು, ತಾವೂ ತಮಟೆ ಬಾರಿಸಿ ತಮ್ಮ ಗಡಿ ದಾಟಿಸುವರು. ಪಶ್ಚಿಮ ಜರ್ಮನಿ ತನ್ನ ಮಾರಿಗೆ ಪೂರ್ವದ ಗಡಿಯನ್ನು ಆರಿಸಿಕೊಂಡಿತು. ಪೂರ್ವ ಜರ್ಮನಿಯೂ ಕಡಮೆಯೇನಲ್ಲ. ತನ್ನ ಸೌಮ್ಯತರವಾದ ಅಣುಕಸವನ್ನು ಹೂಳಲು ಅದು ಹುಡುಕಿಕೊಂಡಿದ್ದ ಮೋರ್ಸ್‌ಲೆಬೆನ್ ಗಣಿ ಇದ್ದದ್ದು ಪಶ್ಚಿಮದ ಗಡಿಯ ಮಗ್ಗುಲಲ್ಲೇ!

ವೆಂಡ್‌ಲಾಂಡಿನ ರೈತರು ಸುಮ್ಮನೆ ಕೂರಲಿಲ್ಲ. 1979ರ ಮಾರ್ಚಿ ತಿಂಗಳಲ್ಲಿ ಅವರು ನೂರಾರು ಟ್ರ್ಯಾಕ್ಟರುಗಳ ಮೇಲೆ ರಾಜಧಾನಿಯಾದ ಹಾನೋವರಿಗೆ ಹೊರಟರು. ಅವರಿನ್ನೂ ದಾರಿಯಲ್ಲಿರುವಾಗಲೇ, ಮಾರ್ಚಿ 28ರಂದು, ಅಮೆರಿಕದ ತ್ರೀ ಮೈಲ್ ಐಲೆಂಡಿನ ಅಣುಸ್ಥಾವರದಲ್ಲಿ ಅಪಘಾತವಾದ ಸುದ್ದಿ ಬಂದಿತು. 31ರಂದು ಹಾನೋವರಿನಲ್ಲಿ ಸುಮಾರು ಒಂದು ಲಕ್ಷ ಜನ ಸೇರಿದರು. ಅದೇ ಮೇ ತಿಂಗಳಲ್ಲಿ ಆಲ್ಬ್ರೆಕ್ಟ್ ಅವರು ಕಾರ್ಖಾನೆಯ ಯೋಜನೆಯನ್ನು ರಾಜಕೀಯವಾಗಿ ಸಾಧಿಸಲಾಗದೆಂದು ಕೈಬಿಟ್ಟರು. ಉಪ್ಪಿನ ಗುಡ್ಡದ ಶೋಧನೆ ಮಾತ್ರ ಮುಂದುವರಿಯಿತು. ಪಕ್ಕದಲ್ಲಿ ಪೀಪಾಯಿಗಳನ್ನು ‘ತಾತ್ಕಾಲಿಕ’ವಾಗಿ ನಿಲ್ಲಿಸಲು ದೊಡ್ಡ ಹಗೇವಿನಂಥ ಕಟ್ಟಡವೊಂದು ಎದ್ದಿತು.

ಇತ್ತ ಜರ್ಮನಿಯ ಸ್ಥಾವರಗಳು ಬಳಸಿದ ಇಂಧನವನ್ನು ಮರುಸಂಸ್ಕರಣಕ್ಕಾಗಿ ಫ್ರಾನ್ಸಿಗೂ ಬ್ರಿಟನ್ನಿಗೂ ಕಳುಹಿಸುತ್ತಿದ್ದವು. ಕರಾರಿನಂತೆ ಗಾಜಾದ ಕಸವನ್ನು ಜರ್ಮನಿಯೇ ಹಿಂದಕ್ಕೆ ಪಡೆಯಬೇಕು. ಹೀಗೆ ಒಂದೇ ಕಸ ಎರಡು ಬಾರಿ ದಾರಿ ಹಿಡಿಯಿತು: ಹೋಗುವಾಗ ಸರಳಾಗಿ, ಬರುವಾಗ ಗಾಜಾಗಿ. 1995ನೆಯ ಏಪ್ರಿಲಿನಲ್ಲಿ ಮೊದಲ ಕ್ಯಾಸ್ಟರ್, ಫಿಲಿಪ್ಸ್‌ಬುರ್ಗ್ ಸ್ಥಾವರದ್ದು, ಗೋರ್ಲೆಬೆನ್ನಿಗೆ ಬಂದಿತು. ಮರುವರ್ಷ ಲಾ ಹೇಗ್‌ನಿಂದ ಇನ್ನೊಂದು. 1997ರ ಮಾರ್ಚಿಯಲ್ಲಿ ಬಂದ ಆರು ಪೀಪಾಯಿಗಳನ್ನು ಕಾಯಲು ದೇಶದ ಮೂಲೆಮೂಲೆಗಳಿಂದ ಕರೆಸಿದ ಪೋಲೀಸರ ಸಂಖ್ಯೆ ಸುಮಾರು ಮೂವತ್ತು ಸಾವಿರ. ಮದುವೆಯ ದಿಬ್ಬಣಕ್ಕೂ ಇಷ್ಟು ಜನ ಸೇರುವುದಿಲ್ಲ!

ಬೆವತ ಪೆಟ್ಟಿಗೆಗಳು

ಅಷ್ಟರವರೆಗೆ ಅಧಿಕಾರಿಗಳ ಮಾತು ಒಂದೇ: ಹೆದರಬೇಡಿ, ಪೀಪಾಯಿಯನ್ನು ರೈಲು ಗುದ್ದಿದರೂ ಅದು ಒಡೆಯುವುದಿಲ್ಲ. ಆ ಮಾತು ಸುಳ್ಳಾಗಲಿಲ್ಲ. 1998ರಲ್ಲಿ ಬಯಲಾದದ್ದು ಬೇರೆಯೇ ಸಂಗತಿ.

ಬಳಸಿದ ಇಂಧನವನ್ನು ತುಂಬುವಾಗ ಪೀಪಾಯಿಯನ್ನು ಸ್ಥಾವರದ ಕೊಳದಲ್ಲಿ ಮುಳುಗಿಸುತ್ತಾರೆ. ಆ ನೀರಿನಲ್ಲಿ ವಿಕಿರಣದ ಕಣಗಳಿರುತ್ತವೆ. ಮೇಲೆತ್ತಿದ ಮೇಲೆ ಹೊರಮೈಯನ್ನು ತೊಳೆದು, ಒರೆಸಿ, ಅಳೆದು, ‘ಶುದ್ಧ’ವೆಂದು ಚೀಟಿ ಬರೆದು ಕಳುಹಿಸುವುದು ವಾಡಿಕೆ. ಮಿತಿಯೇನೆಂದರೆ ಒಂದು ಚದರ ಸೆಂಟಿಮೀಟರಿಗೆ ನಾಲ್ಕು ಬೆಕರೆಲ್. ಆದರೆ ಫ್ರಾನ್ಸಿನ ವಲೋನ್ಯ ನಿಲ್ದಾಣದಲ್ಲಿ ಪೀಪಾಯಿಗಳನ್ನೂ ವ್ಯಾಗನ್ನುಗಳನ್ನೂ ಅಳೆದು ನೋಡಿದಾಗ ಎಷ್ಟೋ ಕಡೆ ಆ ಮಿತಿ ಅನೇಕ ಪಟ್ಟು ಮೀರಿತ್ತು. ಹೊರಮೈಯ ಸಂದುಗೊಂದುಗಳಲ್ಲಿ ಅಡಗಿದ್ದ ಕಣಗಳು ಪ್ರಯಾಣದಲ್ಲಿ ಹವೆಯ ಬದಲಾವಣೆಗೆ ಮೆಲ್ಲಗೆ ಹೊರಬಂದಿದ್ದವು. ಪೀಪಾಯಿಗಳು ಬೆವರುತ್ತಿದ್ದವು ಎಂದೇ ಪರಿಣಿತರು ಹೇಳಿದರು.

ಅಳತೆಗಳನ್ನು ಪರಿಶೀಲಿಸಿದವರು ರೈಲ್ವೆಯ ಕೆಲಸಗಾರರಿಗೆ ಇದರಿಂದ ಹಾನಿಯಾಗುವಷ್ಟು ವಿಕಿರಣ ತಗಲಿಲ್ಲವೆಂದು ಹೇಳಿದರು. ಇರಬಹುದು. ಸಿಟ್ಟು ಬಂದದ್ದು ಅದಕ್ಕಲ್ಲ. ಈ ವಿಷಯ ಸ್ಥಾವರಗಳವರಿಗೂ ಸಾಗಣೆಯವರಿಗೂ ವರ್ಷಗಳಿಂದ ಗೊತ್ತಿತ್ತು. ಯಾರೂ ಸರಕಾರಕ್ಕೆ ತಿಳಿಸಿರಲಿಲ್ಲ. ಆಗ ಪರಿಸರ ಮಂತ್ರಿಣಿಯಾಗಿದ್ದವರು ಆಂಗೆಲಾ ಮೆರ್ಕೆಲ್, ಮುಂದೆ ಹದಿನಾರು ವರ್ಷ ಆ ದೇಶವನ್ನು ಆಳಿದವರು. ಸಾಗಣೆ ನಿರಪಾಯವೆಂದು ಊರೂರಿಗೆ ಭರವಸೆ ಕೊಟ್ಟಿದ್ದವರು ಅವರೇ. 1998ರ ಮೇ ತಿಂಗಳಲ್ಲಿ ಅವರು ಸಾಗಣೆಯನ್ನೆಲ್ಲ ನಿಲ್ಲಿಸಿಬಿಟ್ಟರು. ಮತ್ತೆ ಗೋರ್ಲೆಬೆನ್ನಿಗೆ ಬಂಡಿ ಹೊರಡಲು 2001ರ ಮಾರ್ಚಿಯವರೆಗೆ ಕಾಯಬೇಕಾಯಿತು.

ನನಗೆ ತೋರುವಂತೆ, ಈ ಇಡೀ ಕಥೆಯಲ್ಲಿ ನಿಜವಾಗಿ ಒಡೆದದ್ದು ಆಗಲೇ. ನೂರು ಮೈಲಿ ವೇಗದ ಎಂಜಿನ್ನಿಗೆ ಬಗ್ಗದಿದ್ದ ಪೆಟ್ಟಿಗೆಯ ಗೌರವ, ಒರೆಸುವ ಬಟ್ಟೆಯೊಂದರ ಮೇಲಿನ ಅಂಕಿಗಳನ್ನು ಬಚ್ಚಿಟ್ಟದ್ದರಿಂದ ಹೋಯಿತು. ಪರೀಕ್ಷೆಗಳಲ್ಲಿ ಕಬ್ಬಿಣವನ್ನು ಪರೀಕ್ಷಿಸುತ್ತಾರೆ. ಚೀಟಿ ಬರೆಯುವ ಕೈಯನ್ನು ಯಾರು ಪರೀಕ್ಷಿಸುತ್ತಾರೆ? ಜನಸಾಮಾನ್ಯನು ಮನೆಯಲ್ಲಿ ಬೆಕರೆಲನ್ನು ಅಳೆಯಲಾರ. ಹಾಲಿಗೆ ನೀರು ಬೆರೆತರೆ ನಾಲಗೆ ಹೇಳುತ್ತದೆ. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಬಲ್ಲವರ ಮಾತೊಂದೇ ಅವನಿಗೆ ಆಧಾರ.

ಇನ್ನೊಂದು ಲೆಕ್ಕವೂ ಉಂಟು. ಪೀಪಾಯಿ ಸುಭದ್ರವಾಗಿದ್ದರೂ ಅದರ ಗೋಡೆ ಎಲ್ಲ ಕಿರಣಗಳನ್ನೂ ತಡೆಯುವುದಿಲ್ಲ. ವಾಹನದಿಂದ ಎರಡು ಮೀಟರು ದೂರದಲ್ಲಿ ಗಂಟೆಗೆ 0.1 ಮಿಲಿಸೀವರ್ಟ್‌ವರೆಗೆ ಇರಬಹುದೆಂದು ನಿಯಮವೇ ಅನುಮತಿ ಕೊಡುತ್ತದೆ. ಸಾಮಾನ್ಯ ಪ್ರಜೆಗೆ ಒಂದು ವರ್ಷಕ್ಕೆ ನಿಗದಿಯಾದ ಮಿತಿ ಒಂದು ಮಿಲಿಸೀವರ್ಟ್. ಅಂದರೆ ನಿಯಮದ ಅಂಚಿನಲ್ಲಿರುವ ಪೀಪಾಯಿಯ ಬಳಿ ಹತ್ತು ಗಂಟೆ ನಿಂತವನ ವರ್ಷದ ಪಾಲು ಅಂದೇ ಮುಗಿಯಿತು. ವಾಸ್ತವವಾಗಿ ಬಹುತೇಕ ಪೀಪಾಯಿಗಳು ಇದಕ್ಕಿಂತ ಕಡಮೆಯೇ ಸೂಸುತ್ತವೆ. ಬಂಡಿ ದಡದಡನೆ ಸಾಗಿಹೋದರೆ ದಾರಿಯ ಬದಿಯ ಮನೆಗಳವರಿಗೆ ಸಿಗುವುದು ಗಣನೆಗೆ ಬಾರದಷ್ಟು. ಬಂಡಿ ನಿಂತರೆ? ಅದನ್ನು ನಿಲ್ಲಿಸುವುದೇ ಜನರ ಹಟವಾಗಿದ್ದಾಗ ಪಕ್ಕದಲ್ಲಿ ರಾತ್ರಿಯೆಲ್ಲ ಕಾವಲು ನಿಲ್ಲುವ ಹುಡುಗರಂಥ ಪೋಲೀಸರ ಪಾಡೇನು? ಪೋಲೀಸರ ಸಂಘದವರೇ ಈ ಪ್ರಶ್ನೆಯನ್ನೆತ್ತಿದರು.

ಕುರಿಗಳೂ ಕಾಂಕ್ರೀಟೂ

2001ರ ಮಾರ್ಚಿಯಲ್ಲಿ ಬಂಡಿ ಮತ್ತೆ ಹೊರಟಾಗ ನಾಲ್ವರು ರಾತ್ರೋರಾತ್ರಿ ಹಳಿಯ ಕೆಳಗೆ ಕಾಂಕ್ರೀಟ್ ಗಡ್ಡೆಯೊಂದರೊಳಗೆ ತಮ್ಮ ತೋಳುಗಳನ್ನು ಬಂಧಿಸಿಕೊಂಡು ಮಲಗಿದ್ದರು. ಅವರಲ್ಲೊಬ್ಬಳು ಹದಿನಾರರ ಹುಡುಗಿ. ಅವರನ್ನು ಬಿಡಿಸಲು ಪೋಲೀಸರು ಗಂಟೆಗಟ್ಟಲೆ ಕಾಂಕ್ರೀಟನ್ನು ಕೊರೆಯಬೇಕಾಯಿತು. ಕ್ಯಾಸ್ಟರ್ ಬಂಡಿ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಿ ನಿಂತಿತು.

ರೈಲು ಮಾರ್ಗ ಡಾನೆನ್‌ಬರ್ಗ್ ಎಂಬ ಊರಿಗೆ ಮುಗಿಯುತ್ತದೆ. ಅಲ್ಲಿ ಪೀಪಾಯಿಗಳನ್ನು ಒಂದೊಂದಾಗಿ ಕ್ರೇನಿನಿಂದೆತ್ತಿ ಲಾರಿಗಳ ಮೇಲೆ ಕೂರಿಸಿ, ಇನ್ನು ಇಪ್ಪತ್ತು ಕಿಲೋಮೀಟರು ರಸ್ತೆಯಲ್ಲಿ ಒಯ್ಯಬೇಕು. ಈ ಇಪ್ಪತ್ತು ಕಿಲೋಮೀಟರೇ ಕಷ್ಟದ ದಾರಿ. ಹೊಲದ ಬೇಲಿಗಳಲ್ಲಿ, ಮನೆಗಳ ಬಾಗಿಲುಗಳಲ್ಲಿ ಹಳದಿ ಬಣ್ಣ ಬಳಿದ ಮರದ ಅಡ್ಡಪಟ್ಟಿಗಳ ಗುಣಾಕಾರ ಚಿಹ್ನೆ: ‘ಬೇಡ’ ಎಂಬುದಕ್ಕೆ ವೆಂಡ್‌ಲಾಂಡಿನವರ ಗುರುತು. 2010ರ ನವೆಂಬರಿನಲ್ಲಿ ಒಬ್ಬ ಕುರುಬ ನೂರಾರು ಕುರಿಮೇಕೆಗಳನ್ನು ರಸ್ತೆಗೆ ಹೊಡೆದು ತಂದನು. ಸಾವಿರಾರು ಜನ ಹುಲ್ಲು ಹಾಸಿಕೊಂಡು ಹಳಿಯ ಮೇಲೆ ಕುಳಿತರು. ಕೆಲವರು ಹಳಿಯ ಕೆಳಗಿನ ಜಲ್ಲಿಯನ್ನೇ ಕೆದಕಿ ತೆಗೆದರು. ಬಿಯರ್ ಸಾಗಿಸುವ ಲಾರಿಯಂತೆ ವೇಷ ಹಾಕಿದ ವಾಹನವೊಂದನ್ನು ಗ್ರೀನ್‌ಪೀಸ್ ಸಂಸ್ಥೆಯವರು ರಸ್ತೆಗೆ ಅಡ್ಡವಾಗಿ ನಿಲ್ಲಿಸಿಬಿಟ್ಟರು! ಆ ಪಯಣ ತೊಂಬತ್ತು ಗಂಟೆಗೂ ಮಿಕ್ಕು ಹಿಡಿಯಿತು. ಮರುವರ್ಷದ್ದು ಐದು ದಿನಗಳಿಗೂ ಹೆಚ್ಚು.

ಇದರಲ್ಲಿ ತಮಾಷೆ ಕಾಣುವವರು ಒಂದು ಸಾವನ್ನು ನೆನೆಯಬೇಕು. 2004ರ ನವೆಂಬರಿನಲ್ಲಿ ಫ್ರಾನ್ಸಿನ ಲೊರೇನ್ ಸೀಮೆಯಲ್ಲಿ ಇದೇ ಬಂಡಿಯನ್ನು ತಡೆಯಲು ಹಳಿಯ ಬಳಿಯಿದ್ದ ಇಪ್ಪತ್ತು ದಾಟಿದ ತರುಣನೊಬ್ಬ ಅದರ ಗಾಲಿಗೆ ಸಿಕ್ಕಿ ಅಸುನೀಗಿದನು. ವಿಕಿರಣದಿಂದಲ್ಲ, ಪೀಪಾಯಿ ಒಡೆದೂ ಅಲ್ಲ. ಪರೀಕ್ಷೆಗಳ ಪಟ್ಟಿಯಲ್ಲಿಲ್ಲದ ಅಪಾಯ ಅದು.

ಇಂಥ ಪಯಣಗಳನ್ನು ಗುಟ್ಟಾಗಿ ನಡೆಸಿದರಾಗದೆ ಎಂದು ಕೇಳುವವರುಂಟು. ದಾರಿ, ವೇಳೆ ಗೊತ್ತಾದರೆ ಕಿಡಿಗೇಡಿಗಳಿಗೂ ಗೊತ್ತಾದೀತೆಂಬ ಭಯ ನಿರಾಧಾರವಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಪೀಪಾಯಿಯೊಂದರ ಮೇಲೆ ಸೈನ್ಯದ ಸ್ಫೋಟಕವನ್ನು ಸಿಡಿಸಿ ನೋಡಿದಾಗ ಗೋಡೆಯಲ್ಲಿ ರಂಧ್ರ ಬಿದ್ದು ಒಳಗಿನ ಪುಡಿ ಸ್ವಲ್ಪಮಟ್ಟಿಗೆ ಹೊರಬಂದಿತು. ಗುಟ್ಟು ಬೇಕು, ನಿಜ. ಆದರೆ 1998ರ ತರುವಾಯ ಗುಟ್ಟು ಎಂದೊಡನೆ ಜನರಿಗೆ ನೆನಪಾಗುವುದು ಬಚ್ಚಿಟ್ಟ ಅಂಕಿಗಳೇ. ದಾರಿಯಲ್ಲಿರುವ ಊರಿನ ಅಗ್ನಿಶಾಮಕ ದಳದವರಿಗೆ, ಆಸ್ಪತ್ರೆಯವರಿಗೆ ತಿಳಿಸದೆ ಗುಟ್ಟು ಕಾಯುವುದೂ ಒಂದು ಬಗೆಯ ಅಪಾಯವೇ ಸರಿ.

ಸಮುದ್ರಕ್ಕೂ ಗಡಿಯುಂಟು

ಜಪಾನಿನ ಕಸವೂ ಫ್ರಾನ್ಸಿನಲ್ಲಿ ಗಾಜಾಯಿತು. 1995ರ ಫೆಬ್ರವರಿಯಲ್ಲಿ ಪೆಸಿಫಿಕ್ ಪಿನ್‌ಟೇಲ್ ಎಂಬ ಹಡಗು ಇಪ್ಪತ್ತೆಂಟು ಡಬ್ಬಿಗಳನ್ನು ಹೊತ್ತು ಶೆರ್ಬೂರ್ ಬಂದರಿನಿಂದ ಹೊರಟಿತು. ದಾರಿಯನ್ನು ಮೊದಲು ಹೇಳಿರಲಿಲ್ಲ. ದಕ್ಷಿಣ ಅಮೆರಿಕದ ದೇಶಗಳು ತಮ್ಮ ಕಡಲ ಹತ್ತಿರ ಬರಬೇಡವೆಂದವು. ಹಾರ್ನ್ ಭೂಶಿರದ ಬಿರುಗಾಳಿಯ ಕಡಲಲ್ಲಿ ಹಡಗು ತನ್ನ ಸೀಮೆಯನ್ನು ಹೊಕ್ಕಾಗ ಚಿಲಿ ದೇಶದ ನೌಕಾಪಡೆ ಆಚೆ ನಡೆಯೆಂದು ಆಜ್ಞೆ ಮಾಡಿತು. ಎರಡು ತಿಂಗಳು ಅಲೆದು ಏಪ್ರಿಲ್ 25ಕ್ಕೆ ಜಪಾನಿನ ಬಂದರಿನ ಮುಂದೆ ಬಂದರೆ, ಅಲ್ಲಿಯ ಆವೊಮೋರಿ ಪ್ರಾಂತದ ಗವರ್ನರು ಮೋರಿಯೋ ಕಿಮುರಾ ಬಂದರನ್ನೇ ಕೊಡಲಿಲ್ಲ! ತಮ್ಮ ಪ್ರಾಂತವನ್ನು ಈ ಕಸದ ಕಡೆಯ ಮಸಣವನ್ನಾಗಿ ಮಾಡುವುದಿಲ್ಲವೆಂದು ಸರಕಾರ ಮಾತು ಕೊಡಬೇಕೆಂಬುದು ಅವರ ಪಟ್ಟು. ಸ್ವಂತ ದೇಶದ ಕಸ, ಸ್ವಂತ ದೇಶದ ಬಾಗಿಲಲ್ಲಿ, ಒಂದು ದಿನ ಹೊರಗೆ ಕಾದಿತು. ಮಾತು ಸಿಕ್ಕಿದ ಮೇಲೆ ಮಾರನೆಯ ದಿನ ಹಡಗು ದಡಕ್ಕೆ ಬಂದಿತು. ಆ ಡಬ್ಬಿಗಳು ರೊಕ್ಕಾಶೋ ಹಳ್ಳಿಯ ಕಟ್ಟಡದಲ್ಲಿ ಇರಬೇಕಾದದ್ದು ಹೆಚ್ಚೆಂದರೆ ಐವತ್ತು ವರ್ಷ, ಅಂದರೆ 2045ರವರೆಗೆ. ಆಮೇಲೆ ಎಲ್ಲಿಗೆ? ಕಡೆಯ ನೆಲೆಯನ್ನು ಜಪಾನ್ ಇನ್ನೂ ಗೊತ್ತುಮಾಡಿಲ್ಲ.

ದಾರಿ ಅಪಾಯದ್ದೇ ಆಗಿರಬೇಕೆಂದೇನೂ ಇಲ್ಲ. ಸ್ವೀಡನ್ನಿನಲ್ಲಿ ಅಣುಸ್ಥಾವರಗಳೆಲ್ಲ ಕಡಲ ತಡಿಯಲ್ಲಿವೆ. ಅದಕ್ಕೆಂದೇ ಕಟ್ಟಿದ ಹಡಗೊಂದು, ಮೊದಲು ಸಿಗೀನ್, 2013ರಿಂದ ಸಿಗ್ರಿಡ್, ಸರಳುಗಳನ್ನು ಒಂದೇ ಉಗ್ರಾಣಕ್ಕೆ ಮುಟ್ಟಿಸುತ್ತ ಬಂದಿದೆ. ಫಿನ್ಲೆಂಡಿನವರು ಓಲ್ಕಿಲುವೋಟೊ ದ್ವೀಪದಲ್ಲಿ ಸ್ಥಾವರದ ಮಗ್ಗುಲಲ್ಲಿಯೇ ನಾನೂರು ಮೀಟರಿಗೂ ಆಳದ ಬಂಡೆಯಲ್ಲಿ ಕಡೆಯ ನೆಲೆಯನ್ನು ಕೊರೆದಿದ್ದಾರೆ. ಇಲ್ಲೆಲ್ಲ ಟ್ರ್ಯಾಕ್ಟರುಗಳು ರಸ್ತೆಗಿಳಿಯಲಿಲ್ಲ. ಕಬ್ಬಿಣ ಎಲ್ಲ ಕಡೆಯೂ ಅದೇ ಕಬ್ಬಿಣ. ವ್ಯತ್ಯಾಸವೆಂದರೆ ಆ ಪೆಟ್ಟಿಗೆಗಳಿಗೆ ತಲಪುವ ಊರೊಂದಿದೆ, ಆ ಊರಿನವರು ಒಪ್ಪಿದ್ದಾರೆ.

ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ಕಸವೆಂದೆಣಿಸದೆ ಮರುಸಂಸ್ಕರಣಕ್ಕೆ ಒಳಪಡಿಸುವುದು ಮೊದಲಿನಿಂದ ಬಂದ ನೀತಿ. ಅದರ ಕಾರ್ಖಾನೆಗಳು ಟ್ರಾಂಬೆ, ತಾರಾಪುರ, ಕಲ್ಪಾಕಂಗಳಲ್ಲಿವೆ. ಕಡೆಯ ನೆಲೆಯ ಮಾತು ಬಂದಾಗ ಇಲ್ಲಿಯೂ ಹುಬ್ಬು ಗಂಟಿಕ್ಕುತ್ತದೆ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಪಾಳುಬಿದ್ದ ಭಾಗವೊಂದರಲ್ಲಿ, ಬಂಡೆ ಶಾಖವನ್ನು ಹೇಗೆ ತಾಳಬಲ್ಲುದೆಂದು ವಿಜ್ಞಾನಿಗಳು ಪ್ರಯೋಗ ನಡೆಸಿದ್ದರು. ಕಸವನ್ನೇನೂ ತಂದಿರಲಿಲ್ಲ. ಆದರೂ 2012ರಲ್ಲಿ ಕೂಡಂಕುಳಂ ಸ್ಥಾವರದ ಕಸ ಕೋಲಾರದ ಗಣಿಗೆ ಬರುವುದೆಂಬ ಸುದ್ದಿ ಹಬ್ಬಿ ಕೆ.ಜಿ.ಎಫ್. ಜನರು ಬೀದಿಗಿಳಿದರು, ಅಂಥ ಯೋಜನೆಯಿಲ್ಲವೆಂದು ಕೇಂದ್ರ ಸರಕಾರ ಸ್ಪಷ್ಟೀಕರಣ ಕೊಡಬೇಕಾಯಿತು.

ನಿಂತ ಬಂಡಿ

ಗೋರ್ಲೆಬೆನ್ನಿನ ಕಥೆಗೆ ಮರಳೋಣ. 2011ರದೇ ಅಲ್ಲಿಗೆ ಬಂದ ಕಡೆಯ ಬಂಡಿ. 2013ರಲ್ಲಿ ಜರ್ಮನಿಯು ಹೊಸ ಕಾನೂನು ಮಾಡಿ, ಕಡೆಯ ನೆಲೆಯ ಹುಡುಕಾಟವನ್ನು ಬಿಳಿಯ ಹಾಳೆಯಿಂದ ಆರಂಭಿಸಿತು. 2020ರ ಸೆಪ್ಟೆಂಬರ್ 28ರಂದು ಪ್ರಕಟವಾದ ಪಟ್ಟಿಯಲ್ಲಿ ಗೋರ್ಲೆಬೆನ್ನಿನ ಉಪ್ಪಿನ ಗುಡ್ಡದ ಹೆಸರಿರಲಿಲ್ಲ. ಭೂವಿಜ್ಞಾನದ ದೃಷ್ಟಿಯಿಂದ ಅದು ತಕ್ಕ ಸ್ಥಳವಲ್ಲವೆಂದು ಕಂಡುಬಂದಿತು. ನಲವತ್ತಮೂರು ವರ್ಷ ಜಗಳವಾಡ್ದ ಮೇಲೆ! ಹೊಸ ಸ್ಥಳವನ್ನು 2031ರೊಳಗೆ ಆರಿಸಬೇಕೆಂದಿದ್ದಿತು. ಅದು 2046ಕ್ಕೆ ಮುಂಚೆ ಆಗದೆಂದು ಹುಡುಕುವ ಹೊಣೆ ಹೊತ್ತವರೇ 2022ರಲ್ಲಿ ತಿಳಿಸಿದರು. 2024ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ 2074ನೆಯ ಇಸವಿಯ ಮಾತಾಡಿತು.

ಜರ್ಮನಿಯ ಕಡೆಯ ಮೂರು ಅಣುಸ್ಥಾವರಗಳು 2023ರ ಏಪ್ರಿಲ್ 15ರಂದು ನಿಂತವು. ಒಲೆ ಆರಿತು, ಬೂದಿ ಉಳಿಯಿತು. ಫ್ರಾನ್ಸ್, ಬ್ರಿಟನ್ನುಗಳಲ್ಲಿದ್ದ ಮಿಕ್ಕ ಗಾಜಿನ ಡಬ್ಬಿಗಳು ಈಗ ಗೋರ್ಲೆಬೆನ್ನಿಗೆ ಬರದೆ ಬೇರೆ ಬೇರೆ ಸ್ಥಾವರಗಳ ಅಂಗಳಕ್ಕೆ ಹಂಚಿಹೋಗಿವೆ: 2020ರಲ್ಲಿ ಬಿಬ್ಲಿಸಿಗೆ, 2024ರಲ್ಲಿ ಫಿಲಿಪ್ಸ್‌ಬುರ್ಗಿಗೆ, 2025ರಲ್ಲಿ ಬವೇರಿಯದ ಈಸಾರಿಗೆ. ಯೂಲಿಶ್ ಎಂಬ ಊರಿನ ಕಥೆ ಇನ್ನೂ ವಿಚಿತ್ರ. 1988ರಲ್ಲಿ ಮುಚ್ಚಿದ ಪ್ರಯೋಗಸ್ಥಾವರದ ಟೆನ್ನಿಸ್ ಚೆಂಡಿನಷ್ಟು ದಪ್ಪದ ಲಕ್ಷಗಟ್ಟಲೆ ಇಂಧನದ ಗುಂಡುಗಳು 152 ಪೀಪಾಯಿಗಳಲ್ಲಿ ಅಲ್ಲಿವೆ. ಅವನ್ನಿಟ್ಟಿದ್ದ ಕಟ್ಟಡದ ಪರವಾನಗಿ 2013ರಲ್ಲಿ ಮುಗಿಯಿತು. ಸುಮಾರು ನೂರೆಪ್ಪತ್ತು ಕಿಲೋಮೀಟರು ದೂರದ ಆಹೌಸ್ ಎಂಬ ಊರಿನ ಕಟ್ಟಡಕ್ಕೆ ಅವನ್ನು ಹೆದ್ದಾರಿಯಲ್ಲಿ ಲಾರಿಗಳ ಮೇಲೆ ಸಾಗಿಸಲು 2025ರ ಆಗಸ್ಟಿನಲ್ಲಿ ಅಪ್ಪಣೆಯಾಯಿತು. ಆಹೌಸಿನ ಕಟ್ಟಡದ ಪರವಾನಗಿಯ ಕಡೆಯ ವರ್ಷ 2036.

ಗೋರ್ಲೆಬೆನ್ನಿನ ಕಟ್ಟಡದಲ್ಲಿ 113 ಪೀಪಾಯಿಗಳು ನಿಂತಿವೆ. ಅದರ ಪರವಾನಗಿ 2034ರವರೆಗೆ. ಒಂದೊಂದು ಪೀಪಾಯಿಯ ಎರಡು ಮುಚ್ಚಳಗಳ ನಡುವೆ ಹೀಲಿಯಂ ಅನಿಲವನ್ನು ತುಂಬಿ, ಆ ಒತ್ತಡ ಇಳಿಯಿತೇ ಎಂದು ಯಂತ್ರವೊಂದು ಹಗಲೂ ರಾತ್ರಿ ನೋಡುತ್ತಿರುತ್ತದೆ. ಕಿಟಕಿಗಳಿಲ್ಲದ ಆ ಕಟ್ಟಡದೊಳಗೆ ಚಳಿಗಾಲದಲ್ಲಿಯೂ ಪೀಪಾಯಿಗಳ ಮೈ ಬೆಚ್ಚಗಿರುತ್ತದೆ. ಅವುಗಳ ಮುಂದಿನ ಊರು ಯಾವುದೆಂದು ಜರ್ಮನಿಯಲ್ಲಿ ಯಾರಿಗೂ ತಿಳಿಯದು.